ತಿರುಪು ಮುರಿದಾಗ ಓಡಿದ ದೋಣಿ



ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ದೋಣಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಶಿಕಾರಿಪುರದಲ್ಲಿ ಕುಮುದ್ವತಿ ಹೊಳೆ ಇದೆ, ಅಂಜನಾಪುರದ ಜಲಾಶಯ ಇದೆ. ಅಮ್ಮಿಯ ತವರು ಸೊರಬದಲ್ಲಿ ದಂಡಾವತಿ ಇದೆ. ಆದರೆ ಇಂಜಿನ್ ಇರುವ ದೋಣಿಯನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದು ಒಂದೇ ಕಡೆ, ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ. ಬಸ್ಸು, ಕಾರು, ಜನ ಎಲ್ಲರನ್ನೂ ಹೊತ್ತುಕೊಂಡು ಲಾಂಚ್ ಆಚೆ ದಡಕ್ಕೆ ಹೋಗುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಲಾಂಚಿನ ಹಿಂದೆ ನೀರು ಬೆಳ್ಳಗೆ ಕುದಿಯುವುದನ್ನು ನೋಡುತ್ತಾ ನಿಲ್ಲುವುದು ನನಗೆ ಇಷ್ಟವಾಗಿತ್ತು. ಆ ನೀರನ್ನು ಕುದಿಸುತ್ತಿದ್ದ ವಸ್ತು ಮಾತ್ರ ಎಂದೂ ಕಣ್ಣಿಗೆ ಬಿದ್ದಿರಲಿಲ್ಲ.

ಅದು ಕಣ್ಣಿಗೆ ಬಿದ್ದದ್ದು ಹೊನ್ನಾವರದಲ್ಲಿ. ಅಲ್ಲಿ ನನ್ನ ಖಾಲಾ ಮನೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ದೋಣಿಗಳನ್ನು ದಡಕ್ಕೆ ಎಳೆದು ಇಟ್ಟಿರುತ್ತಾರೆ. ನೀರಿನಲ್ಲಿ ಅಡಗಿರುವ ಹೊಟ್ಟೆ, ಚುಕ್ಕಾಣಿ, ಪ್ರೊಪೆಲರ್ ಎಲ್ಲ ಹೊರಗೆ ಕಾಣುತ್ತವೆ. ಒಂದು ದೋಣಿಗೆ ಮೂರು ರೆಕ್ಕೆ, ಪಕ್ಕದ್ದಕ್ಕೆ ನಾಲ್ಕು. ಯಾಕೆ ಹೀಗೆ ಎಂದು ಅಲ್ಲಿ ಬಣ್ಣ ಬಳಿಯುತ್ತಿದ್ದವರನ್ನು ಕೇಳಿದೆ. ನಾಲ್ಕು ರೆಕ್ಕೆಯದು ಬಲೆ ಎಳೆಯುವ ದೋಣಿ, ಅದಕ್ಕೆ ಓಟಕ್ಕಿಂತ ಹಿಡಿತ ಮುಖ್ಯ ಎಂದರು. ಮನೆಗೆ ಬಂದು ಅಬ್ಬಾಗೆ ಹೇಳಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಫ್ಯಾನನ್ನು ತೋರಿಸಿದರು. ಆ ಫ್ಯಾನಿನ ಕತೆ ಕೊನೆಗೆ ಹೇಳುತ್ತೇನೆ. ಅದರಿಂದಾಗಿಯೇ ನಾನು ಈ ಲೇಖನದ ಮನುಷ್ಯನನ್ನು ಹುಡುಕಿಕೊಂಡು ಹೋದೆ.

ಅವರ ಹೆಸರು ಫ್ರಾನ್ಸಿಸ್ ಪೆಟಿಟ್ ಸ್ಮಿತ್. ಹುಟ್ಟಿದ್ದು 1808ರ ಫೆಬ್ರವರಿ 9ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹೈತ್ ಎಂಬ ಸಮುದ್ರ ತೀರದ ಊರಿನಲ್ಲಿ. ತಂದೆ ಆ ಊರಿನ ಪೋಸ್ಟ್ ಮಾಸ್ಟರ್. ಸ್ಮಿತ್ ಇಂಜಿನಿಯರ್ ಆಗಿರಲಿಲ್ಲ, ಹಡಗು ಕಟ್ಟುವವರ ಮನೆತನದವರೂ ಅಲ್ಲ. ಅವರು ರೈತರು. ಮೊದಲು ರೋಮ್ನಿ ಮಾರ್ಷ್ ಎಂಬ ಜೌಗು ಹುಲ್ಲುಗಾವಲಿನಲ್ಲಿ, ಆಮೇಲೆ ಲಂಡನ್ ಬಳಿಯ ಹೆಂಡನ್‌ನಲ್ಲಿ ಜಮೀನು ಮಾಡಿಕೊಂಡು ಜಾನುವಾರು ಮೇಯಿಸುತ್ತಿದ್ದರು. ಚಿಕ್ಕಂದಿನಿಂದ ಒಂದೇ ಹುಚ್ಚು, ಆಟದ ದೋಣಿ ಮಾಡುವುದು. ದೊಡ್ಡವರಾದ ಮೇಲೂ ಆ ಹುಚ್ಚು ಬಿಡಲಿಲ್ಲ. ಹಗಲು ಹೊಲದ ಕೆಲಸ, ಬಿಡುವಿದ್ದಾಗ ಹೊಂಡದಲ್ಲಿ ದೋಣಿ.

ಆ ಕಾಲದಲ್ಲಿ ಉಗಿ ಹಡಗುಗಳು ಬಂದಾಗಿತ್ತು. ಆದರೆ ಅವು ಹೆಚ್ಚಾಗಿ ಎರಡೂ ಪಕ್ಕದಲ್ಲಿ ದೊಡ್ಡ ಚಕ್ರ ಇರುವ ಹಡಗುಗಳು. ಚಕ್ರ ತಿರುಗಿದಾಗ ಅದರ ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳುತ್ತವೆ. ಶಾಂತ ನದಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಸಮುದ್ರದಲ್ಲಿ ಕಷ್ಟ. ಅಲೆಗೆ ಹಡಗು ಒಂದು ಪಕ್ಕಕ್ಕೆ ವಾಲಿದರೆ ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ, ಇನ್ನೊಂದು ನೀರಿನಲ್ಲಿ ಮುಳುಗುತ್ತದೆ. ಯುದ್ಧದ ಹಡಗಾದರೆ ಒಂದು ಗುಂಡು ಚಕ್ರಕ್ಕೆ ಬಿದ್ದರೆ ಸಾಕು. ಜೊತೆಗೆ ಫಿರಂಗಿ ಇಡಬೇಕಾದ ಜಾಗವನ್ನೆಲ್ಲ ಚಕ್ರವೇ ತಿನ್ನುತ್ತದೆ.

ನೀರಿನ ಒಳಗೇ ತಿರುಗುವ ಒಂದು ತಿರುಪು, ಅಂದರೆ ಸ್ಕ್ರೂ, ಹಡಗನ್ನು ತಳ್ಳಬಹುದೇ ಎಂದು ಯೋಚಿಸಿದವರಲ್ಲಿ ಸ್ಮಿತ್ ಮೊದಲಿಗರಲ್ಲ. ಅಮೆರಿಕದಲ್ಲಿ ಜಾನ್ ಸ್ಟೀವನ್ಸ್ 1804ರಲ್ಲೇ ಎರಡು ಸ್ಕ್ರೂ ಇರುವ ಸಣ್ಣ ದೋಣಿ ಓಡಿಸಿದ್ದರು. 1829ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ಯೋಸೆಫ್ ರೆಸೆಲ್ ಎಂಬ ಅರಣ್ಯ ಅಧಿಕಾರಿ ಪ್ರಯೋಗ ಮಾಡಿದ್ದರು. ಅವರ ಪ್ರಯತ್ನಗಳು ಮುಂದುವರಿಯಲಿಲ್ಲ. ಸ್ಮಿತ್ ಮುಂದುವರಿಸಿದರು. ನನಗೆ ಅವರು ಇಷ್ಟವಾದದ್ದು ಈ ಕಾರಣಕ್ಕೆ.

ಹೆಂಡನ್‌ನ ಜಮೀನಿನ ಹೊಂಡದಲ್ಲಿ ಅವರು ಒಂದು ಮಾದರಿ ದೋಣಿ ಬಿಟ್ಟರು. ಅದರ ಹಿಂದೆ ಮರದ ತಿರುಪು, ಅದನ್ನು ತಿರುಗಿಸಲು ಸ್ಪ್ರಿಂಗ್. ದೋಣಿ ಚೆನ್ನಾಗಿ ಓಡಿತು. 1836ರ ಮೇ 31ರಂದು ಅವರು ಪೇಟೆಂಟ್ ಪಡೆದರು. ಆಗ ಅವರಿಗೆ 28 ವರ್ಷ. ಇನ್ನು ಆರು ವಾರಕ್ಕಿಂತ ಹೆಚ್ಚು ತಡ ಮಾಡಿದ್ದರೆ ಅವರ ಹೆಸರು ಹಿಂದೆ ಬೀಳುತ್ತಿತ್ತು. ಏಕೆಂದರೆ ಅದೇ ವರ್ಷದ ಜುಲೈ 13ರಂದು ಸ್ವೀಡನ್ ಮೂಲದ ಜಾನ್ ಎರಿಕ್ಸನ್ ಎಂಬ ಇಂಜಿನಿಯರ್ ಲಂಡನ್‌ನಲ್ಲಿ ಬೇರೆ ರೀತಿಯ ಸ್ಕ್ರೂಗೆ ಪೇಟೆಂಟ್ ಪಡೆದರು. ಎರಿಕ್ಸನ್ 1837ರಲ್ಲಿ ಥೇಮ್ಸ್ ನದಿಯಲ್ಲಿ ನೌಕಾದಳದ ಅಧಿಕಾರಿಗಳ ದೋಣಿಯನ್ನೇ ಎಳೆದು ತೋರಿಸಿದರು. ಅವರಿಗೆ ಅದು ಹಿಡಿಸಲಿಲ್ಲ. ಎರಿಕ್ಸನ್ ಅಮೆರಿಕಕ್ಕೆ ಹೋಗಿ ಅಲ್ಲಿ ದೊಡ್ಡ ಹೆಸರು ಮಾಡಿದರು. ಸ್ಮಿತ್ ಇಲ್ಲೇ ಉಳಿದರು.

ಈಗ ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ರೈಟ್ ಎಂಬ ಒಬ್ಬ ಬ್ಯಾಂಕರ್ ಹಣ ಹಾಕಿದರು. 6 ಟನ್ನಿನ ಒಂದು ದೋಣಿ ಸಿದ್ಧವಾಯಿತು. ಅದರಲ್ಲಿ ಸುಮಾರು 6 ಅಶ್ವಶಕ್ತಿಯ ಇಂಜಿನ್, ಹಿಂದೆ ಮರದ ತಿರುಪು. ಆ ತಿರುಪಿಗೆ ಪೂರ್ತಿ ಎರಡು ಸುತ್ತು ಇತ್ತು. ನೀರೆತ್ತುವ ಆರ್ಕಿಮಿಡೀಸ್ ತಿರುಪಿನಂತೆ ಉದ್ದ. ಹೆಚ್ಚು ಸುತ್ತು ಇದ್ದರೆ ನೀರನ್ನು ಹೆಚ್ಚು ಹಿಡಿಯುತ್ತದೆ ಎಂದು ಸ್ಮಿತ್ ಭಾವಿಸಿದ್ದರು. ಯಾರಾದರೂ ಹಾಗೆಯೇ ಭಾವಿಸುತ್ತಾರೆ. 1837ರ ಫೆಬ್ರವರಿಯಲ್ಲಿ ಲಂಡನ್‌ನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಓಡುವಾಗ ಆ ತಿರುಪು ಯಾವುದಕ್ಕೋ ಬಡಿದು ಅರ್ಧ ಮುರಿದು ಹೋಯಿತು. ಉಳಿದದ್ದು ಒಂದೇ ಸುತ್ತು. ದೋಣಿ ನಿಲ್ಲಬೇಕಿತ್ತು. ಅದರ ಬದಲು ಮೊದಲಿಗಿಂತ ವೇಗವಾಗಿ ಓಡತೊಡಗಿತು!

ಇದು ಹೇಗೆ? ನಮ್ಮ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರು ನನಗೆ ಸರಳವಾಗಿ ವಿವರಿಸಿದರು. ನನ್ನಂಥ ವಾಣಿಜ್ಯದವರಿಗಾಗಿ ಅದನ್ನೇ ಬರೆಯುತ್ತೇನೆ. ತಿರುಪಿನ ಮೊದಲ ಭಾಗವೇ ನೀರನ್ನು ಹಿಂದಕ್ಕೆ ತಳ್ಳಿ ಆಗಿರುತ್ತದೆ. ಹಿಂದಿನ ಭಾಗಕ್ಕೆ ಸಿಗುವುದು ಆಗಲೇ ಓಡುತ್ತಿರುವ, ಕಲಕಿದ ನೀರು. ಅದನ್ನು ತಳ್ಳಿ ಹೆಚ್ಚು ಲಾಭವಿಲ್ಲ. ಆದರೆ ಆ ಭಾಗವೂ ನೀರಿಗೆ ಉಜ್ಜುತ್ತಲೇ ಇರುತ್ತದೆ. ಉಜ್ಜುವುದಕ್ಕೆ ಇಂಜಿನ್ ಶಕ್ತಿ ಖರ್ಚಾಗುತ್ತದೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳಬೇಕೆಂದರೆ ಎರಡನೇ ಸುತ್ತಿನ ಖರ್ಚು ಅದರ ಆದಾಯಕ್ಕಿಂತ ಜಾಸ್ತಿ. ಅದು ಮುರಿದು ಬಿದ್ದಾಗ ನಷ್ಟದ ಶಾಖೆ ಮುಚ್ಚಿದ ಹಾಗಾಯಿತು.

ಸ್ಮಿತ್ ಆ ಅಪಘಾತದಿಂದ ಪಾಠ ಕಲಿತರು. ಒಂದೇ ಸುತ್ತಿನ ಲೋಹದ ತಿರುಪು ಹಾಕಿಸಿದರು. 1837ರ ಸೆಪ್ಟೆಂಬರ್‌ನಲ್ಲಿ ಅದೇ ಪುಟ್ಟ ದೋಣಿಯನ್ನು ಕಾಲುವೆಯಿಂದ ಸಮುದ್ರಕ್ಕೆ ತಂದರು. ರಾಮ್ಸ್‌ಗೇಟ್, ಡೋವರ್ ಮೂಲಕ ತಾವು ಹುಟ್ಟಿದ ಹೈತ್‌ಗೇ ಹೋದರು. ತಿರುಗಿ ಬರುವಾಗ ಬಿರುಗಾಳಿ ಎದ್ದಿತು. ಆ ಗಾಳಿಯಲ್ಲಿ ಪುಟ್ಟ ದೋಣಿ ಮುಂದೆ ಬರುತ್ತಿದ್ದುದನ್ನು ನೌಕಾದಳದ ಅಧಿಕಾರಿಗಳು ನೋಡಿದರು. ಹಿಂದಿನಿಂದ ತಳ್ಳಿದರೆ ಹಡಗನ್ನು ತಿರುಗಿಸಲು ಆಗುವುದಿಲ್ಲ ಎಂದು ದೊಡ್ಡ ದೊಡ್ಡವರು ವಾದಿಸುತ್ತಿದ್ದ ಕಾಲ ಅದು. ಆ ವಾದಕ್ಕೆ ದೋಣಿಯೇ ಉತ್ತರ ಕೊಟ್ಟಿತು.

ನೌಕಾದಳ ದೊಡ್ಡ ಹಡಗಿನಲ್ಲಿ ಮಾಡಿ ತೋರಿಸಿ ಎಂದಿತು. ಅದಕ್ಕೆ ಹಣ ಬೇಕು. ಶಿಪ್ ಪ್ರೊಪೆಲರ್ ಕಂಪನಿ ಎಂಬ ಕಂಪನಿ ಹುಟ್ಟಿತು, ಅದು ಸ್ಮಿತ್ ಅವರ ಪೇಟೆಂಟನ್ನು ಕೊಂಡಿತು. 237 ಟನ್ನಿನ ಆರ್ಕಿಮಿಡೀಸ್ ಎಂಬ ಹಡಗು 1838ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. ಕೇಳಿದ್ದ ವೇಗ ಸುಮಾರು 5 ನಾಟ್. ಹಡಗು ಅದರ ಎರಡರಷ್ಟು, ಸುಮಾರು 10 ನಾಟ್ ವೇಗ ಕೊಟ್ಟಿತು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಅಂದರೆ ಸುಮಾರು 18 ಕಿಲೋಮೀಟರ್ ವೇಗ. ದಾರಿ ಸುಲಭವಾಗಿರಲಿಲ್ಲ. ಒಮ್ಮೆ ಬಾಯ್ಲರ್ ಸಿಡಿಯಿತು. ಒಮ್ಮೆ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಮತ್ತೆ ರಿಪೇರಿ, ಮತ್ತೆ ಪ್ರಯಾಣ. ಕೊನೆಗೆ ಹಡಗು ಬ್ರಿಟನ್ ದ್ವೀಪವನ್ನೇ ಸುತ್ತಿ ಬಂದರು ಬಂದರಿನಲ್ಲಿ ಜನರಿಗೆ ತೋರಿಸಿತು.

ಇಲ್ಲಿ ರೆಕ್ಕೆಗಳ ಲೆಕ್ಕ ಶುರುವಾಗುತ್ತದೆ. ಆರ್ಕಿಮಿಡೀಸ್‌ಗೆ ಮೊದಲು ಇದ್ದದ್ದು ಒಂದು ಪೂರ್ತಿ ಸುತ್ತಿನ ಒಂದೇ ಎಲೆ. ಅದು ತುಂಬಾ ನಡುಗುತ್ತಿತ್ತು. ಸ್ಮಿತ್ ಅದನ್ನು ತೆಗೆದು ಅರ್ಧ ಅರ್ಧ ಸುತ್ತಿನ ಎರಡು ಎಲೆಗಳನ್ನು ಎದುರು ಬದುರು ಕೂರಿಸಿದರು. ನಡುಕ ಕಡಿಮೆಯಾಯಿತು. ತಕ್ಕಡಿಯ ಒಂದೇ ತಟ್ಟೆಯಲ್ಲಿದ್ದ ಭಾರವನ್ನು ಎರಡಕ್ಕೂ ಹಂಚಿದ ಹಾಗೆ.

ಇದೇ ಹಡಗನ್ನು ಬ್ರಿಸ್ಟಲ್‌ನ ಪ್ರಸಿದ್ಧ ಇಂಜಿನಿಯರ್ ಬ್ರುನೆಲ್ ಕೆಲವು ತಿಂಗಳು ಎರವಲು ಪಡೆದರು. ಬೇರೆ ಬೇರೆ ಪ್ರೊಪೆಲರ್ ಹಾಕಿ ಪರೀಕ್ಷೆ ಮಾಡಿದರು. ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಸ್ಮಿತ್ ಕೊಟ್ಟಿದ್ದ ನಾಲ್ಕು ರೆಕ್ಕೆಯದು. ಬ್ರುನೆಲ್ ಆಗ ಗ್ರೇಟ್ ಬ್ರಿಟನ್ ಎಂಬ ಭಾರೀ ಕಬ್ಬಿಣದ ಹಡಗು ಕಟ್ಟುತ್ತಿದ್ದರು. ಅದಕ್ಕೆ ಪಕ್ಕದ ಚಕ್ರಗಳೆಂದು ತೀರ್ಮಾನವಾಗಿತ್ತು. 1840ರ ಕೊನೆಯಲ್ಲಿ ಅದನ್ನು ಬದಲಿಸಿ ಸ್ಕ್ರೂ ಹಾಕಲು ನಿರ್ಧರಿಸಿದರು. 1845ರ ಜುಲೈನಲ್ಲಿ ಆ ಹಡಗು ಲಿವರ್‌ಪೂಲ್‌ನಿಂದ ನ್ಯೂಯಾರ್ಕ್‌ಗೆ ಹೊರಟಾಗ ಅದರ ಪ್ರೊಪೆಲರ್‌ಗೆ ಆರು ರೆಕ್ಕೆ, ಅಗಲ ಸುಮಾರು 4.7 ಮೀಟರ್. ಎರಡನೇ ಪ್ರಯಾಣದಲ್ಲೇ ರೆಕ್ಕೆಗಳು ಮುರಿದು ಸಮುದ್ರ ಸೇರಿದವು. ಆಮೇಲೆ ನಾಲ್ಕು ರೆಕ್ಕೆಯದನ್ನು ಹಾಕಿದರು. ಆ ಹಡಗು ಈಗ ಬ್ರಿಸ್ಟಲ್‌ನಲ್ಲಿ ವಸ್ತುಸಂಗ್ರಹಾಲಯವಾಗಿದೆ.

ಅತ್ತ ನೌಕಾದಳ ರಾಟ್ಲರ್ ಎಂಬ ಹಡಗು ಕಟ್ಟಿತು. ಎರಡು ವರ್ಷ, ಮೂವತ್ತಕ್ಕೂ ಹೆಚ್ಚು ಬಗೆಯ ಪ್ರೊಪೆಲರ್‌ಗಳನ್ನು ಅದಕ್ಕೆ ಹಾಕಿ, ತೆಗೆದು, ಅಳೆದು ನೋಡಿದರು. ಸ್ಮಿತ್ ಆ ಕೆಲಸದ ಜೊತೆಗಿದ್ದರು. ಕೊನೆಗೆ ಗೆದ್ದದ್ದು ಅವರ ಎರಡು ರೆಕ್ಕೆಯ ಪ್ರೊಪೆಲರ್. 1845ರಲ್ಲಿ ರಾಟ್ಲರ್ ಮತ್ತು ಚಕ್ರದ ಹಡಗು ಅಲೆಕ್ಟೋ ನಡುವೆ ಓಟದ ಪಂದ್ಯಗಳು ನಡೆದವು. ರಾಟ್ಲರ್ ಗೆದ್ದಿತು. ಆಮೇಲೆ ಎರಡನ್ನೂ ಬೆನ್ನಿಗೆ ಬೆನ್ನು ಮಾಡಿ ಹಗ್ಗ ಕಟ್ಟಿದರು. ನಮ್ಮ ಕ್ರೀಡಾ ದಿನದ ಹಗ್ಗಜಗ್ಗಾಟದಂತೆಯೇ! ಅಲೆಕ್ಟೋ ತನ್ನ ಚಕ್ರಗಳನ್ನು ಜೋರಾಗಿ ತಿರುಗಿಸುತ್ತಿದ್ದರೂ ರಾಟ್ಲರ್ ಅದನ್ನು ಎರಡೂವರೆ ನಾಟ್ ವೇಗದಲ್ಲಿ ಹಿಮ್ಮುಖವಾಗಿ ಎಳೆದುಕೊಂಡು ಹೋಯಿತು. ರಾಟ್ಲರ್‌ನ ಇಂಜಿನ್ ಆಗ ಹೆಚ್ಚು ಶಕ್ತಿ ಕೊಡುತ್ತಿತ್ತು ಎಂಬುದನ್ನೂ ಹೇಳಬೇಕು. ಹಾಗಾಗಿ ಅದು ಪೂರ್ತಿ ಸಮಬಲದ ಪಂದ್ಯವಲ್ಲ. ಆದರೆ ನೋಡಿದವರ ಮನಸ್ಸಿನಲ್ಲಿ ಚಕ್ರದ ಕಾಲ ಮುಗಿದಿತ್ತು.

ಹಾಗಾದರೆ ಸರಿಯಾದ ಸಂಖ್ಯೆ ಯಾವುದು, ಎರಡೋ, ನಾಲ್ಕೋ, ಆರೋ? ಒಂದೇ ಉತ್ತರ ಇಲ್ಲ ಎಂಬುದೇ ನಾನು ಕಲಿತದ್ದು. ರೆಕ್ಕೆ ಕಡಿಮೆ ಇದ್ದರೆ ಉಜ್ಜುವಿಕೆ ಕಡಿಮೆ, ಪ್ರತಿ ರೆಕ್ಕೆಗೂ ಕಲಕದ ನೀರು ಸಿಗುತ್ತದೆ, ಶಕ್ತಿ ಕಡಿಮೆ ಪೋಲಾಗುತ್ತದೆ. ಆದರೆ ನಡುಕ ಹೆಚ್ಚು. ರೆಕ್ಕೆ ಹೆಚ್ಚಿದರೆ ಓಟ ನಯವಾಗುತ್ತದೆ, ಭಾರ ಹೊತ್ತಾಗಲೂ ನಿಧಾನ ವೇಗದಲ್ಲೂ ನೀರಿನ ಹಿಡಿತ ಚೆನ್ನಾಗಿರುತ್ತದೆ. ಆದರೆ ಗರಿಷ್ಠ ವೇಗ ಸ್ವಲ್ಪ ಇಳಿಯಬಹುದು. ಪ್ರತಿ ರೆಕ್ಕೆಯ ಮೇಲೆ ಒತ್ತಡ ಅತಿಯಾದರೆ ಇನ್ನೊಂದು ತೊಂದರೆ. ರೆಕ್ಕೆಯ ಬೆನ್ನಿನಲ್ಲಿ ನೀರಿನ ಒತ್ತಡ ಬಹಳ ಕುಸಿದು, ಬಿಸಿಯಾಗದೆಯೇ ನೀರು ಆವಿಯ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕೆರೆದು ತಿನ್ನುತ್ತವೆ. ರೆಕ್ಕೆಗಳ ಒಟ್ಟು ಅಗಲ ಹೆಚ್ಚಿಸಿದರೆ ಭಾರ ಹಂಚಿಹೋಗಿ ಇದು ಕಡಿಮೆಯಾಗುತ್ತದೆ. ಅದಕ್ಕೇ ಸಣ್ಣ ಮೋಟಾರು ದೋಣಿಗೆ ಸಾಮಾನ್ಯವಾಗಿ ಮೂರು, ಎಳೆಯುವ ದೋಣಿಗೆ ನಾಲ್ಕು, ದೊಡ್ಡ ಹಡಗುಗಳಿಗೆ ನಾಲ್ಕು, ಐದು, ಆರು. ಸದ್ದೇ ಮಾಡಬಾರದ ಜಲಾಂತರ್ಗಾಮಿಗೆ ಏಳು ಕೂಡ ಇರುತ್ತದೆ. ಸಂಖ್ಯೆ ಒಂದೇ ಸಾಲದು, ಪ್ರೊಪೆಲರಿನ ಅಗಲ ಮತ್ತು ರೆಕ್ಕೆಯ ಓರೆ ಕೂಡ ಇಂಜಿನ್ನಿಗೆ ಹೊಂದಬೇಕು.

ಈಗ ಸ್ಮಿತ್ ಅವರ ಜಮಾ ಖರ್ಚು. ಇಲ್ಲಿ ನನ್ನ ಮನಸ್ಸಿಗೆ ನೋವಾಯಿತು. ಹಡಗುಗಳೆಲ್ಲ ಸ್ಕ್ರೂ ಹಾಕಿಕೊಂಡವು. ಆದರೆ ಶಿಪ್ ಪ್ರೊಪೆಲರ್ ಕಂಪನಿ ಸುಮಾರು 50,000 ಪೌಂಡ್ ನಷ್ಟ ಅನುಭವಿಸಿತು. ಬೇರೆ ಬೇರೆಯವರು ಬೇರೆ ಬೇರೆ ಪೇಟೆಂಟ್ ಹಿಡಿದು ಬಂದರು. ಸ್ಮಿತ್ 1850ರವರೆಗೆ ನೌಕಾದಳಕ್ಕೆ ಸಲಹೆಗಾರರಾಗಿದ್ದರು. ಅವಧಿ ವಿಸ್ತರಿಸಿದ್ದ ಅವರ ಪೇಟೆಂಟ್ ಕೂಡ 1856ರಲ್ಲಿ ಮುಗಿಯಿತು. ಅವರು ಮತ್ತೆ ರೈತರಾದರು. ಗರ್ನ್ಸಿ ದ್ವೀಪಕ್ಕೆ ಹೋಗಿ ಜಮೀನು ಮಾಡತೊಡಗಿದರು. ಹಗಲು ಹೊಲ, ಬಿಡುವಿನಲ್ಲಿ ದೋಣಿ ಎಂದು ಶುರುವಾದ ಜೀವನ ತಿರುಗಿ ಹೊಲಕ್ಕೇ ಬಂತು. ಈ ಬಾರಿ ಅದು ಫಲ ಕೊಡಲಿಲ್ಲ.

ಪೂರ್ತಿ ಮರೆತರು ಎನ್ನಲಾಗದು. 1855ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. 1858ರಲ್ಲಿ ಹಡಗು ಕಟ್ಟುವವರು ಮತ್ತು ಇಂಜಿನಿಯರ್‌ಗಳು ಚಂದಾ ಎತ್ತಿ ಸುಮಾರು 3,000 ಪೌಂಡ್ ಮತ್ತು ಬೆಳ್ಳಿಯ ಪಾತ್ರೆಗಳನ್ನು ಕೊಟ್ಟರು. 1860ರಲ್ಲಿ ಲಂಡನ್‌ನ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ಪೇಟೆಂಟ್ ಕಚೇರಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾದರು. ಸ್ಟೀಫನ್ಸನ್‌ರ ಪ್ರಸಿದ್ಧ ರೈಲು ಇಂಜಿನ್ ರಾಕೆಟ್ 1862ರಲ್ಲಿ ಅದೇ ಸಂಗ್ರಹಾಲಯಕ್ಕೆ ಬಂತು. ಇನ್ನೊಬ್ಬರ ಯಂತ್ರಗಳ ಧೂಳು ಒರೆಸಿ ಕಾಪಾಡುವ ಕೆಲಸ ಅವರ ಕೊನೆಯ ನೌಕರಿ. 1871ರಲ್ಲಿ ಸರ್ ಪದವಿ ಬಂತು. 1874ರ ಫೆಬ್ರವರಿ 12ರಂದು, 66 ತುಂಬಿ ಮೂರೇ ದಿನಕ್ಕೆ, ಅವರು ತೀರಿಕೊಂಡರು.

ಈಗ ಅಬ್ಬಾನ ಫ್ಯಾನಿನ ಕತೆ. ಅಬ್ಬಾ ಮೋಟಾರ್ ರಿವೈಂಡಿಂಗ್ ಮಾಡುತ್ತಾರೆ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ ಎಂದು ನಿಮಗೆಲ್ಲ ಗೊತ್ತು. ಕೆಲವು ವರ್ಷಗಳ ಹಿಂದೆ ಜೋಳ ತೂರುವ ಒಂದು ಯಂತ್ರದ ಮೋಟಾರು ಪದೇ ಪದೇ ಸುಟ್ಟು ಅಂಗಡಿಗೆ ಬರುತ್ತಿತ್ತು. ಸುಟ್ಟಷ್ಟೂ ಅಬ್ಬಾಗೆ ದುಡಿಮೆ. ಆದರೂ ಅವರು ಕಾರಣ ಹುಡುಕಿದರು. ಫ್ಯಾನಿಗೆ ಆರು ರೆಕ್ಕೆ ಇತ್ತು, ಆ ಚಿಕ್ಕ ಮೋಟಾರಿಗೆ ಅದು ಭಾರ. ಎರಡು ರೆಕ್ಕೆ ಬಿಚ್ಚಿ, ಉಳಿದ ನಾಲ್ಕನ್ನು ಸಮವಾಗಿ ಜೋಡಿಸಿ, ಓರೆ ಸ್ವಲ್ಪ ಬದಲಿಸಿದರು. ಮೋಟಾರು ಮತ್ತೆ ಸುಡಲಿಲ್ಲ. ಹೊಟ್ಟು ಮೊದಲಿನ ಹಾಗೆಯೇ ಹಾರಿತು. ಒಬ್ಬರು ಬಂದು ನೋಡಿದರು, ಅಳತೆ ತೆಗೆದುಕೊಂಡರು, ಚಹಾ ಕುಡಿದು ಹೋದರು. ಮುಂದಿನ ಸುಗ್ಗಿಯಲ್ಲಿ ಅಂಥದೇ ನಾಲ್ಕು ರೆಕ್ಕೆಯ ಫ್ಯಾನನ್ನು ಅವರು ಮಾರುತ್ತಿದ್ದರು. ಅಬ್ಬಾ ಅದಕ್ಕೆ ನಕ್ಕರು. ನನಗೆ ಸಿಟ್ಟು ಬಂದಿತ್ತು, ಆ ಸಿಟ್ಟು ಬಹಳ ದಿನ ಹೋಗಲಿಲ್ಲ. ಆ ವರ್ಷ ನನ್ನ ಫೀಸಿಗೆ ಅಮ್ಮಿಯ ಬಳೆ ಅಡವಿಟ್ಟಿದ್ದೆವು.

ಸ್ಮಿತ್ ಅವರ ಜೀವನ ಓದಿದ ಮೇಲೆ ನನ್ನ ಸಿಟ್ಟಿಗೆ ಒಂದು ಕೆಲಸ ಸಿಕ್ಕಿತು. ನಮ್ಮ ಲೆಕ್ಕಶಾಸ್ತ್ರದಲ್ಲಿ ಪೇಟೆಂಟನ್ನು ಅಮೂರ್ತ ಆಸ್ತಿ ಎಂದು ಆಸ್ತಿಯ ಕಡೆಗೆ ಬರೆಯುತ್ತೇವೆ. ಕೈಗೆ ಸಿಗದು, ಆದರೆ ಬೆಲೆ ಇದೆ. ಭಾರತದಲ್ಲಿ ಅದರ ಅವಧಿ 20 ವರ್ಷ. ಪರೀಕ್ಷೆಗಾಗಿ ಓದುವಾಗ ಅದು ಬರೀ ಒಂದು ಸಾಲು. ಈಗ ನನಗೆ ಅದು ಹೆಂಡನ್‌ನ ಹೊಂಡವೂ ಹೌದು, ಅಬ್ಬಾನ ಅಂಗಡಿಯ ಮೂಲೆಯೂ ಹೌದು. ಪೇಟೆಂಟ್ ಇದ್ದೂ ಸ್ಮಿತ್ ಶ್ರೀಮಂತರಾಗಲಿಲ್ಲ ಎಂಬುದು ನಿಜ. ಆದರೆ 1836ರ ಮೇ 31 ಎಂಬ ತಾರೀಖು ಕಾಗದದ ಮೇಲೆ ಇದ್ದದ್ದರಿಂದ ಅವರ ಕೆಲಸ ಅವರದು ಎಂದು ಇಂದಿಗೂ ಹೇಳಬಹುದು. ಬೆಳ್ಳಿ ಪಾತ್ರೆ ಕೊಡುವವರಿಗೆ ಯಾರಿಗೆ ಕೊಡಬೇಕು ಎಂದು ಗೊತ್ತಿತ್ತು.

ಅಬ್ಬಾ ಏಳನೇ ತರಗತಿವರೆಗೆ ಉರ್ದು ಶಾಲೆಯಲ್ಲಿ ಓದಿದವರು. ಕನ್ನಡ ಓದುತ್ತಾರೆ, ಬರೆಯಲು ಹಿಂಜರಿಯುತ್ತಾರೆ. ಹೋದ ತಿಂಗಳು ನಾನು ಒಂದು ಉದ್ದ ಪುಸ್ತಕ ಕೊಂಡು ತಂದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಕೂತು, ಅವರು ಉರ್ದುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆಯುತ್ತೇನೆ. ಯಾವ ಯಂತ್ರ, ಏನು ತೊಂದರೆ, ಏನು ಬದಲಿಸಿದರು, ಅಳತೆ ಎಷ್ಟು, ಕೆಳಗೆ ತಾರೀಖು, ಅವರ ಸಹಿ. ಮೊದಲ ಪುಟದಲ್ಲಿ ಆ ನಾಲ್ಕು ರೆಕ್ಕೆಯ ಫ್ಯಾನಿನ ಚಿತ್ರ ಇದೆ. ಓರೆ ಎಷ್ಟು ಡಿಗ್ರಿ ಎಂದು ನಾನು ಕೇಳಿದೆ. ಅಬ್ಬಾ ನನ್ನ ಜಾಮೆಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದುಕೊಂಡು, ಮೂಲೆಯಲ್ಲಿದ್ದ ಹಳೆಯ ಫ್ಯಾನನ್ನು ಎತ್ತಿ ತಂದು, ಮೊದಲ ಬಾರಿಗೆ ಅಳೆದರು.